ಗಾಯಕ್ಕೆ ಮೊದಲು ನೀರು

ಕಳೆದ ತಿಂಗಳು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಎಂಟನೇ ಕ್ರಾಸಿನ ಬಳಿ ಹಣ್ಣು ಕೊಳ್ಳುತ್ತಾ ನಿಂತಿದ್ದೆ. ಗಾಡಿಯ ಹುಡುಗ ಅನಾನಸು ಹೆಚ್ಚುತ್ತಿದ್ದಾಗ ಚೂರಿ ಜಾರಿ ಎಡಗೈ ಹೆಬ್ಬೆರಳಿನ ಬುಡ ಕತ್ತರಿಸಿತು. ರಕ್ತ ಕಂಡೊಡನೆ ನಾಲ್ಕಾರು ಜನ ಸೇರಿದರು. ಒಬ್ಬರು ಪಕ್ಕದ ಹೋಟೆಲಿನಿಂದ ಕಾಫಿ ಪುಡಿ ತಂದರು. ಇನ್ನೊಬ್ಬರು ಅರಿಶಿನ ಒಳ್ಳೆಯದು ಎಂದರು. ನಾನು ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದೆ. ಹೂ ಮಾರುವ ಅಜ್ಜಿ ಕೈ ಅಡ್ಡ ಹಿಡಿದರು: "ನೀರು ಹಾಕ್ಬೇಡಿ ಸಾಬ್ರೇ, ನಂಜಾಗುತ್ತೆ!"

ಅಜ್ಜಿಯ ಕಾಳಜಿ ನಿಜವಾದದ್ದೇ. ನಮ್ಮ ಮನೆಗಳಲ್ಲೂ ಇದೇ ಮಾತು ಕೇಳುತ್ತೇವೆ. ಗಾಯಕ್ಕೆ ನೀರು ತಾಗಿದರೆ ನಂಜು, ಬದನೆಕಾಯಿ ತಿಂದರೆ ನಂಜು, ಒಣಮೀನು ತಿಂದರೆ ನಂಜು. ಆದರೆ ನಂಜು ಎಂದು ನಾವು ಕರೆಯುವುದು ಗಾಯದೊಳಗೆ ಸೇರಿದ ರೋಗಾಣುಗಳ ಕೆಲಸ. ಅವು ಬರುವುದು ಮಣ್ಣಿನಿಂದ, ಚೂರಿಯಿಂದ, ನಮ್ಮ ಕೈಯಿಂದ ಮತ್ತು ಆ ಕಾಫಿ ಪುಡಿಯಿಂದ. ಅವನ್ನು ಹೊರಗೆ ತೊಳೆದು ಹಾಕಲು ಹರಿಯುವ ಶುದ್ಧ ನೀರಿಗಿಂತ ಉತ್ತಮವಾದುದು ಮನೆಯಲ್ಲಿಲ್ಲ. ಡೆಟಾಲ್ ಬಾಟಲಿಯ ಸ್ಥಾನ ಅದರ ನಂತರ.

ಇಲ್ಲಿ ಕೆಲವರು ಉಹುದ್ ಯುದ್ಧದ ಘಟನೆಯನ್ನು ನೆನಪಿಸುತ್ತಾರೆ. ಅಂದು ಪ್ರವಾದಿ(ಸ)ರ ಮುಖಕ್ಕೆ ಗಾಯವಾದಾಗ ಹ. ಫಾತಿಮಾ(ರ) ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಹಚ್ಚಿದರಲ್ಲವೇ, ಹಾಗಾದರೆ ನಾವು ಬೂದಿ ಹಚ್ಚಿದರೆ ತಪ್ಪೇನು ಎಂದು ಕೇಳುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿರುವ ಆ ವರದಿಯನ್ನು ಪೂರ್ತಿಯಾಗಿ ಓದಬೇಕು. ಹ. ಅಲಿ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಫಾತಿಮಾ(ರ) ರಕ್ತವನ್ನು ತೊಳೆದರು. ಮೊದಲ ಕೆಲಸ ಅದು. ರಕ್ತ ನಿಲ್ಲದೆ ಹೆಚ್ಚಿದಾಗ ಮಾತ್ರ, ಅದನ್ನು ತಡೆಯಲು, ಆಗ ಕೈಗೆ ಸಿಕ್ಕಿದ ಚಾಪೆಯನ್ನು ಸುಟ್ಟರು. ರಕ್ತ ತಡೆಯಲು ಇಂದು ನಮ್ಮಲ್ಲಿ ಒಗೆದ ಬಟ್ಟೆಯಿದೆ, ಗಾಜ್ ಇದೆ. ಬೂದಿಯನ್ನು ಹಿಡಿದುಕೊಂಡು ನೀರನ್ನು ಬಿಟ್ಟುಬಿಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ರಕ್ತ ಜೋರಾಗಿ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ಸಣ್ಣ ಗಾಯವಾದರೆ, ನಿಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಗಾಯವನ್ನು ನಲ್ಲಿಯ ಕೆಳಗೆ ಐದು ನಿಮಿಷವಾದರೂ ಹಿಡಿಯಿರಿ. ಗಾಯದ ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಬಹುದು. ನಾಯಿ ಕಚ್ಚಿದ್ದರೆ ಗಾಯಕ್ಕೇ ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಇನ್ನು ನಂಜುನಿವಾರಕದ ವಿಷಯ. ಇದರ ಚರಿತ್ರೆ ಬಹಳ ಹಳೆಯದಲ್ಲ. 1865ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹನ್ನೊಂದು ವರ್ಷದ ಹುಡುಗನ ಕಾಲಿನ ಮೇಲೆ ಗಾಡಿಯ ಚಕ್ರ ಹರಿದು, ಮೂಳೆ ಮುರಿದು ಚರ್ಮ ಸೀಳಿತು. ಅಂದಿನ ದಿನಗಳಲ್ಲಿ ಇಂಥ ಗಾಯ ಕೊಳೆತು, ಕಾಲನ್ನೇ ಕತ್ತರಿಸಬೇಕಾಗುತ್ತಿತ್ತು. ಡಾ. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದರು. ಆರು ವಾರಗಳಲ್ಲಿ ಹುಡುಗ ಗುಣವಾದ. ಆದರೆ ಆ ಆಮ್ಲ ಹುಡುಗನ ಚರ್ಮವನ್ನೂ ಸ್ವಲ್ಪ ಸುಟ್ಟಿತ್ತು. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ರೋಗಾಣುವನ್ನು ಕೊಲ್ಲುವ ಔಷಧಿ ಹೊಸದಾಗಿ ಬೆಳೆಯುವ ಮಾಂಸಕ್ಕೂ ಪೆಟ್ಟು ಕೊಡುತ್ತದೆ. ಉರಿ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬುದು ಸುಳ್ಳು.

ಆದ್ದರಿಂದ ಡೆಟಾಲ್, ಸ್ಯಾವ್ಲಾನ್‌ಗಳನ್ನು ನೇರವಾಗಿ ಸುರಿಯಬೇಡಿ, ಬಾಟಲಿಯ ಮೇಲಿರುವ ಅಳತೆಯಂತೆ ನೀರಿಗೆ ಬೆರೆಸಿ. ಪೊವಿಡೋನ್ ಅಯೋಡಿನ್ ಔಷಧಿಯನ್ನು (ಅಂಗಡಿಯಲ್ಲಿ ಬೀಟಾಡಿನ್ ಎಂದು ಕೇಳುತ್ತೇವೆ) ತೆಳ್ಳಗೆ ಹಚ್ಚಿದರೆ ಸಾಕು. ಎಳೆಗೂಸಿಗೆ, ಗರ್ಭಿಣಿಯರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಅದು ಬೇಡ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಹಾಕಿದರೆ ಗಾಯ ಮಾಯುವುದು ತಡವಾಗುತ್ತದೆ. ಸ್ಪಿರಿಟ್‌ನಲ್ಲಿ ಮದ್ಯಸಾರ ಇದೆಯಲ್ಲ, ಹಚ್ಚಬಹುದೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ಹೊರಗೆ ಹಚ್ಚುವ ಔಷಧಿಯಾಗಿ ಬಹಳಷ್ಟು ಉಲಮಾಗಳು ಅದಕ್ಕೆ ಅನುಮತಿ ನೀಡಿದ್ದಾರೆ. ಆದರೂ ತೆರೆದ ಗಾಯಕ್ಕೆ ಬೇಡವೆನ್ನುತ್ತೇನೆ. ಕಾರಣ ಫಿಕ್‌ಹ್ ಅಲ್ಲ, ಅದು ಮಾಂಸವನ್ನು ಸುಡುತ್ತದೆ.

ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿದ ಮೇಲೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಮೊದಲ ಒಂದೆರಡು ದಿನ ಗಾಯದ ಅಂಚು ಸ್ವಲ್ಪ ಕೆಂಪಾಗುವುದು, ತುಸು ಊದುವುದು ಸಹಜ. ದಿನ ಕಳೆದಂತೆ ನೋವು ಇಳಿಯಬೇಕು. ಮೂರನೆಯ ದಿನ ನೋವು ಇಳಿಯುವ ಬದಲು ಏರಿದರೆ, ಗಾಯ ಸೆಳೆಯತೊಡಗಿದರೆ, ಹಳದಿ ಅಥವಾ ಹಸಿರು ಕೀವು, ದುರ್ವಾಸನೆ ಬಂದರೆ, ಅದು ಸೋಂಕು. ನಮ್ಮ ಕಪ್ಪು ಚರ್ಮದ ಮೇಲೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಂಗೈಯ ಹಿಂಬದಿಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯೇ ಎಂದು ನೋಡಿ. ಊತದ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಕೆಲವು ಗಂಟೆಗಳಲ್ಲಿ ಊತ ಗೆರೆ ದಾಟಿದರೆ ಆ ದಿನವೇ ವೈದ್ಯರ ಬಳಿ ಹೋಗಬೇಕು. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಓಡಿದರೆ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಕಟ್ಟಿದರೆ, ಚಳಿಜ್ವರ ಬಂದರೆ ರಾತ್ರಿಯಾದರೂ ಕಾಯಬೇಡಿ. ರೋಗಿ ತಡವರಿಸಿ ಮಾತಾಡುವುದು, ಏದುಸಿರು ಬಿಡುವುದು ನಂಜು ರಕ್ತಕ್ಕೆ ಏರಿದುದರ ಗುರುತು. ಬದನೆಕಾಯಿಯ ಮೇಲೆ ದೂರು ಹೊರಿಸಿ ಕೂರುವ ಹೊತ್ತು ಅದಲ್ಲ.

ಮೊಳೆ ಚುಚ್ಚಿದ ಗಾಯ ಹೊರಗೆ ಸಣ್ಣದು, ಒಳಗೆ ಆಳ. ಜುಮಾ ದಿನ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ನಡೆಯುವವರಿಗೆ ಇದು ಗೊತ್ತು! ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಗಿದ್ದರೆ, ಗಾಯ ಕೊಳಕಾಗಿದ್ದಲ್ಲಿ ಐದು ವರ್ಷವಾಗಿದ್ದರೂ, ಮತ್ತೆ ಹಾಕಿಸಬೇಕು.

ಹಣ್ಣಿನ ಹುಡುಗನ ಗಾಯ ಬಾಯಿ ತೆರೆದಿತ್ತು. ತೊಳೆದು, ಕರವಸ್ತ್ರದಿಂದ ಒತ್ತಿ ಹಿಡಿಸಿ, ಹತ್ತಿರದ ಕೆ.ಸಿ. ಜನರಲ್ ಆಸ್ಪತ್ರೆಗೆ ಕಳಿಸಿದೆವು. ಹೊಲಿಗೆ ಹಾಕಿದರು.

ನನಗೆ ಹೆಚ್ಚು ಚಿಂತೆಯಿರುವುದು ನಮ್ಮ ಮನೆಯ ಹಿರಿಯರ ಬಗ್ಗೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಗಾಯವಾದದ್ದೇ ತಿಳಿಯದು, ನೋವೆಂಬ ಎಚ್ಚರಿಕೆಯೂ ಇರದು. ಅವರಲ್ಲಿ ಕೆಲವರು ವುಝೂ ಕೆಡುತ್ತದೆಂದು ಪಟ್ಟಿ ಬಿಚ್ಚಿ, ದಿನಕ್ಕೆ ಐದು ಬಾರಿ ಗಾಯ ನೆನೆಸುತ್ತಾರೆ. ಮೊದಲು ತೊಳೆಯುವುದು ಬೇರೆ, ಔಷಧಿ ಕಟ್ಟಿದ ಗಾಯವನ್ನು ದಿನವಿಡೀ ಒದ್ದೆಯಾಗಿಡುವುದು ಬೇರೆ. ಅಬೂ ದಾವೂದ್‌ನಲ್ಲಿ ಜಾಬಿರ್(ರ) ವರದಿ ಮಾಡಿದ ಒಂದು ಘಟನೆಯಿದೆ. ಪ್ರಯಾಣದಲ್ಲಿ ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾಯಿತು. ರಿಯಾಯಿತಿ ಇದೆಯೇ ಎಂದು ಕೇಳಿದಾಗ ಜೊತೆಗಿದ್ದವರು ಇಲ್ಲವೆಂದರು. ಅವರು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿ(ಸ)ರು ಆ ಜೊತೆಗಾರರ ಮೇಲೆ ತೀವ್ರವಾಗಿ ಕೋಪಗೊಂಡರು, ತಿಳಿಯದಿದ್ದರೆ ಕೇಳಬಾರದಿತ್ತೇ ಎಂದರು.

ಪಟ್ಟಿ ಇರುವ ಕಡೆ ಒದ್ದೆ ಕೈ ಸವರಿ ಮಸಹ್ ಮಾಡಿ, ಉಳಿದ ಅಂಗ ತೊಳೆದರೆ ಹನಫಿಗಳಿಗೆ ವುಝೂ ಆಯಿತು. ಕರಾವಳಿಯ ನಮ್ಮ ಶಾಫಿ ಸಹೋದರರು ಜೊತೆಗೆ ತಯಮ್ಮುಮ್ ಮಾಡುತ್ತಾರೆ. ಇಂದು ಇಶಾ ನಮಾಝಿಗೆ ಮೊದಲು ನಿಮ್ಮ ತಂದೆಯವರ ಪಾದವನ್ನು, ಬೆರಳ ಸಂದಿಯನ್ನು ಒಮ್ಮೆ ದೀಪದಡಿ ನೋಡಿ. ಸುಟ್ಟ ಗಾಯದ ಉಪಚಾರ ಬೇರೆಯೇ ಇದೆ, ಅದು ಮುಂದಿನ ತಿಂಗಳು.