ನಿಂತ ಗಾಡಿಯ ಗಂಟಲು

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳ ಮೆಟ್ಟಿಲಿನ ಕೆಳಗೆ, ಮಾಸಿದ ಹೊದಿಕೆಯಡಿಯಲ್ಲಿ ಒಂದು ಜಾವಾ ಅಥವಾ ಯೆಜ್ಡಿ ಮೋಟಾರ್‌ಸೈಕಲ್ಲು ನಿಂತಿರುವುದನ್ನು ಓದುಗ ಬಂಧುಗಳು ಕಂಡಿರಬಹುದು. ಹಿರಿಯರು ಓಡಿಸಿದ ಗಾಡಿಯೆಂದು ಮಾರಲು ಮನಸ್ಸು ಬಾರದು. ಓಡಿಸುವವರಿಲ್ಲವೆಂದು ಹೊರಗೆ ತೆಗೆಯುವುದೂ ಆಗದು. ನಮ್ಮ ಮನೆಯಲ್ಲಿಯೂ ಅಂತಹುದೊಂದಿದೆ. ನಮ್ಮ ತಂದೆಯವರು 1968ರಲ್ಲಿ ಕೊಂಡ ಜಾವಾ 250 ಅದು. ಅವರು 2012ರಲ್ಲಿ ಲಿಂಗೈಕ್ಯರಾದ ಮೇಲೆ ಒಮ್ಮೆಯೂ ಗೇಟು ದಾಟಿರಲಿಲ್ಲ. ಕಳೆದ ವರ್ಷ ನಮ್ಮ ಮಗನು ಹೊಸ ಪೆಟ್ರೋಲು ತುಂಬಿ ಅಂದೇ ಅದನ್ನು ಓಡಿಸಲು ಸಿದ್ಧನಾದನು. ಆಗ ನಮ್ಮ ತಾಯಿಯವರು, "ಮೊದಲು ಕಾರ್ಬುರೇಟರ್ ಬಿಚ್ಚಿ ನೋಡಿರಪ್ಪ, ನಿಮ್ಮ ಅಪ್ಪಾಜಿ ಹಾಗೇ ಮಾಡುತ್ತಿದ್ದರು" ಎಂದರು. ಆ ಒಂದು ಮಾತು ನಮ್ಮನ್ನು ದೊಡ್ಡ ಅಪಾಯದಿಂದ ಉಳಿಸಿತು.

ಈ ಗಾಡಿ ನಮ್ಮ ನಾಡಿನಲ್ಲಿಯೇ ತಯಾರಾದದ್ದು. ಜೆಕ್ ನಾಡಿನಲ್ಲಿ 1929ರಲ್ಲಿ ಮೊದಲಾದ ಜಾವಾ ಮೋಟಾರ್‌ಸೈಕಲ್ಲನ್ನು, ಅಲ್ಲಿಯವರ ಪರವಾನಗಿ ಪಡೆದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಮೊದಲಿನಿಂದ ತಯಾರಿಸಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮರಳಿ ಬಂದಿವೆಯಾದರೂ, ಆ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಇದೆ. ಹೀಗಾಗಿ ಕಾರ್ಬುರೇಟರನ್ನು ಬಿಚ್ಚಿ ತೊಳೆಯಬಲ್ಲ ಕೈಗಳು ದಿನೇ ದಿನೇ ಕಡಿಮೆಯಾಗುತ್ತಿವೆ.

ಕಾರ್ಬುರೇಟರೆಂದರೆ ಎಂಜಿನ್ನಿನ ಗಂಟಲು. ಗಾಳಿಯು ಅದರ ಕಿರಿದಾದ ಕೊಳವೆಯಲ್ಲಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ತಗ್ಗುತ್ತದೆ; ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಬಟ್ಟಲು ತುಂಬಿ ಹರಿಯದಂತೆ ಒಂದು ತೇಲುಗುಂಡು ಕಾಯುತ್ತದೆ. ನಮ್ಮ ಮನೆಯ ನೀರಿನ ಟ್ಯಾಂಕಿನಲ್ಲಿರುವ ಚೆಂಡಿನಂತೆಯೇ ಅದರ ಕೆಲಸ. ಪೆಟ್ರೋಲು ಎಷ್ಟು ಹೋಗಬೇಕೆಂಬುದನ್ನು ನಿರ್ಧರಿಸುವುದು ಜೆಟ್ ಎಂಬ ಹಿತ್ತಾಳೆಯ ಚಿಕ್ಕ ತುಂಡಿನಲ್ಲಿರುವ ಸಣ್ಣ ರಂಧ್ರ.

ಓಡುವ ಗಾಡಿಗಿಂತ ನಿಂತ ಗಾಡಿಯ ಕಾರ್ಬುರೇಟರೇ ಬೇಗ ಕೆಡುತ್ತದೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟಾದ ಮಡ್ಡಿಯನ್ನು ಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆಯುತ್ತಿರುವುದರಿಂದ ಚಿಂತೆ ಇನ್ನೂ ಹೆಚ್ಚು; ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸುತ್ತದೆ. ನಮ್ಮ ಗಾಡಿಯ ಬಟ್ಟಲನ್ನು ಬಿಚ್ಚಿದಾಗ ಜೇನಿನ ಬಣ್ಣದ ಅಂಟು ಪದರವೂ ಅದರಡಿಯಲ್ಲಿ ಬಿಳಿಯ ಪುಡಿಯೂ ಕಂಡವು. ಜೆಟ್ಟನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟೇ ಬೆಳಕು ತೋರಿತು.

ಬನಶಂಕರಿ ಎರಡನೆಯ ಹಂತದಲ್ಲಿ ಜಾವಾ ಗಾಡಿಗಳನ್ನೇ ನೋಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್‌ರೊಬ್ಬರಿಗೆ ಅದನ್ನು ತೋರಿಸಿದೆವು. "ಇದು ಸ್ಟಾರ್ಟ್ ಆಗದಿದ್ದರೆ ಚಿಂತೆಯಿರಲಿಲ್ಲ ಸ್ವಾಮಿ, ಸ್ಟಾರ್ಟ್ ಆಗಿ ಓಡಿದ್ದರೆ ಕಷ್ಟವಾಗುತ್ತಿತ್ತು" ಎಂದರು ಅವರು. ಕಾರಣವನ್ನೂ ವಿವರಿಸಿದರು. ಈ ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಜೆಟ್ ಕಟ್ಟಿಕೊಂಡರೆ ಪೆಟ್ರೋಲಿನೊಡನೆ ಆಯಿಲೂ ಕಡಿಮೆಯಾಗುತ್ತದೆ. ಎಂಜಿನ್ ಅತಿಯಾಗಿ ಕಾದು, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು, ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡಬಹುದು. ರಿಂಗ್ ರಸ್ತೆಯ ವಾಹನಗಳ ನಡುವೆ ಮಗನಿಗೆ ಹಾಗಾಗಿದ್ದರೆ ಎಂಬುದನ್ನು ನೆನೆದು ನಮ್ಮ ಎದೆ ನಡುಗಿತು.

ತೊಳೆಯುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಗಾಳಿಯಾಡುವ ಅಂಗಳದಲ್ಲಿ, ದೀಪ, ಊದುಬತ್ತಿ, ಒಲೆಗಳಿಂದ ದೂರ ಕುಳಿತೆವು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಿಳಿಯ ಬಟ್ಟೆಯ ಮೇಲೆ ಜೋಡಿಸಿದೆವು. ಗಾಳಿಯ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲನೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಮಗನು ಬರೆದುಕೊಂಡನು. ತೇಲುಗುಂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಪೆಟ್ರೋಲು ಸೇರಿಲ್ಲವೆಂದು ಖಚಿತಪಡಿಸಿಕೊಂಡೆವು. ರಬ್ಬರಿನ ಭಾಗಗಳನ್ನು ಬೇರೆಯಿಟ್ಟು, ಉಳಿದವನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಪ್ರತಿಯೊಂದು ದಾರಿಯಲ್ಲಿಯೂ ಗಾಳಿ ಊದಿದೆವು. ಗಾಳಿ ಊದುವಾಗ ಕಣ್ಣಿಗೆ ಕನ್ನಡಕವಿರಬೇಕು.

ಜೆಟ್ಟಿನ ಸರದಿ ಬಂದಾಗ ಮಗನು ಹೊಲಿಗೆಯ ಸೂಜಿಯನ್ನು ಕೈಗೆತ್ತಿಕೊಂಡನು. ನಾವು ಥಟ್ಟನೆ ತಡೆದೆವು. 1985ರಲ್ಲಿ, ಇದೇ ಅಂಗಳದಲ್ಲಿ, ನಾವೂ ಅದೇ ತಪ್ಪನ್ನು ಮಾಡಿದ್ದೆವು. ಉಕ್ಕಿನ ಸೂಜಿ ಹಿತ್ತಾಳೆಯ ರಂಧ್ರವನ್ನು ಹಿಗ್ಗಿಸಿತ್ತು. ಗಾಡಿ ಹೊಗೆಯುಗುಳುತ್ತ ಪೆಟ್ರೋಲು ನುಂಗತೊಡಗಿತ್ತು. ತಂದೆಯವರು ಗದರಲಿಲ್ಲ. ನಮ್ಮನ್ನು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಕರೆದೊಯ್ದು, ಹೊಸ ಜೆಟ್ ಕೊಡಿಸಿ, ನಮ್ಮ ಕೈಯಿಂದಲೇ ಹಾಕಿಸಿ, "ಸೂಜಿ ಬಟ್ಟೆಗೆ, ಜೆಟ್ಟಿಗಲ್ಲ" ಎಂದಷ್ಟೇ ಹೇಳಿದ್ದರು. ಅದೇ ಮಾತನ್ನು ಈಗ ನಾವು ಮಗನಿಗೆ ಹೇಳಿ, ನೈಲಾನ್ ಎಳೆಯೊಂದನ್ನು ಕೊಟ್ಟೆವು. ನೆನೆದ ಅಂಟು ಅದರಿಂದಲೇ ಬಿಟ್ಟುಕೊಂಡು, ರಂಧ್ರದಲ್ಲಿ ದುಂಡನೆಯ ಬೆಳಕು ಕಂಡಿತು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಟ್ಯಾಂಕಿನಲ್ಲಿ ತುಕ್ಕು ಇದ್ದರೆ ತೊಳೆದ ಜೆಟ್ ಮತ್ತೆ ಕಟ್ಟಿಕೊಳ್ಳುವುದು ಖಂಡಿತ. ಆದುದರಿಂದ ಟ್ಯಾಂಕನ್ನು ಬರಿದುಮಾಡಿ ತೊಳೆಸಿ, ಪೆಟ್ರೋಲಿನ ಕೊಳವೆಯನ್ನೂ ಗ್ಯಾಸ್ಕೆಟ್ಟುಗಳನ್ನೂ ಹೊಸದಾಗಿ ಹಾಕಿದೆವು. ಮರಳಿ ಜೋಡಿಸುವಾಗ ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿದೆವು. ಒಂದೇ ಕಡೆ ಅತಿಯಾಗಿ ಬಿಗಿದರೆ ಅಂಚು ಬಾಗಿ, ಸಂದಿನಲ್ಲಿ ಗಾಳಿ ನುಗ್ಗಿ, ಮತ್ತೆ ಅದೇ ಅಪಾಯ ಎದುರಾಗುತ್ತದೆ. ಕೊನೆಗೆ ಆ ಮೆಕ್ಯಾನಿಕ್‌ರೇ ಮನೆಗೆ ಬಂದು ಎಲ್ಲವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟರು.

ಆರನೆಯ ಕಿಕ್ಕಿಗೆ ಗಾಡಿ ಸದ್ದುಮಾಡಿತು. ಒಳಮನೆಯಲ್ಲಿದ್ದ ನಮ್ಮ ತಾಯಿಯವರು ಗೋಡೆ ಹಿಡಿದುಕೊಂಡು ಹೊರಗೆ ಬಂದು, ಎಂಜಿನ್ ಆರಿಸುವವರೆಗೂ ಬಾಗಿಲಲ್ಲಿಯೇ ನಿಂತಿದ್ದರು. "ಸಂಜೆ ಆರಕ್ಕೆ ಈ ಸದ್ದು ಕೇಳಿದರೆ ಕಾಫಿಗೆ ನೀರಿಡುತ್ತಿದ್ದೆ" ಎಂದರು. ಗಾಡಿಯನ್ನು ಮಾರಬೇಕೆಂಬ ಮಾತು ಅಂದಿನಿಂದ ನಮ್ಮ ಮನೆಯಲ್ಲಿ ಬಂದಿಲ್ಲ.

ಹಿರಿಯರ ಗಾಡಿಯನ್ನು ಇಟ್ಟುಕೊಂಡಿರುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ತಿಂಗಳಿಗೆ ಎರಡು ಬಾರಿಯಾದರೂ ಅದನ್ನು ಓಡಿಸಿರಿ. ಬಹುಕಾಲ ನಿಲ್ಲಿಸಬೇಕಾದರೆ ಟ್ಯಾಂಕಿನ ನಲ್ಲಿಯನ್ನೂ ಬಟ್ಟಲಿನ ಪೆಟ್ರೋಲನ್ನೂ ಮರೆಯದಿರಿ. ನಲ್ಲಿ ಮುಚ್ಚಿ, ಬಟ್ಟಲನ್ನು ಬರಿದುಮಾಡಿರಿ. ವರ್ಷಗಟ್ಟಲೆ ನಿಂತ ಗಾಡಿಯನ್ನು ಮಕ್ಕಳ ಕೈಗೆ ಕೊಡುವ ಮೊದಲು ಕಾರ್ಬುರೇಟರನ್ನು ಬಿಚ್ಚಿ ತೊಳೆಯಿರಿ. ಸಾಧ್ಯವಾದರೆ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡೇ ತೊಳೆಯಿರಿ. ಗಾಡಿಯೊಡನೆ ಅದನ್ನು ಕಾಪಾಡುವ ತಿಳಿವಳಿಕೆಯೂ ಅವರಿಗೆ ದಕ್ಕಲಿ.