ಗುಡಿಗೆ ಒಡೆಯ ಬೇಡವೆ?

ಊರಿನ ಹೆಸರನ್ನು ಮೊಟಕುಮಾಡುವ ಚಟ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯನ್ನೇ ನೋಡಿರಿ. ಕೃಷಿ ಕಾಲೇಜು ಅಲ್ಲಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು ಅಲ್ಲಿವೆ. ಇಂಥ ಊರು ಕಾಗದಪತ್ರಗಳಲ್ಲಿ ‘ಬಿ. ಗುಡಿ’ ಆಗಿಬಿಡುತ್ತದೆ! ಇಷ್ಟಕ್ಕೆ ಇಷ್ಟು ಸಿಟ್ಟೇಕೆ ಎನ್ನುವವರು ‘ಗುಡಿ’ ಎಂಬ ಮಾತನ್ನು ಕೊಂಚ ಬಿಡಿಸಿ ನೋಡಬೇಕು.

ಗುಡಿ ಎಂದೊಡನೆ ನಮಗೆ ತೋರುವುದು ದೇವಸ್ಥಾನ. ಆದರೆ ಮನೆ ಎಂಬ ಅರ್ಥವೂ ಅದಕ್ಕುಂಟು. ತಮಿಳಿನ ‘ಕುಡಿ’ ಎಂದರೆ ಮನೆ, ಮನೆತನ. ತೆಲುಗಿನ ‘ಗುಡಿ’ ದೇವಾಲಯ. ಬರೋ ಮತ್ತು ಎಮೆನೊ ಅವರ ದ್ರಾವಿಡ ಪದನಿಷ್ಪತ್ತಿ ಕೋಶ (1961) ಇವನ್ನೂ ನಮ್ಮ ಗುಡಿ, ಗುಡಿಸಲುಗಳನ್ನೂ ಒಂದೇ ಕಡೆ ಸೇರಿಸಿದೆ. ಗುಡಿ ಕೈಗಾರಿಕೆ ಎಂದರೆ ದೇವಸ್ಥಾನದಲ್ಲಿ ನಡೆಯುವ ಉದ್ಯೋಗವಲ್ಲವಷ್ಟೆ! ‘ದೇಗುಲ’ವಾದರೋ ಸಂಸ್ಕೃತದ ದೇವಕುಲದ ತದ್ಭವ. ದೇವರಿಗೂ ಬಡವನಿಗೂ ಒಂದೇ ಮಾತಿನಲ್ಲಿ ಸೂರು ಕಟ್ಟಿದ್ದು ಗುಡಿ. (ಗುಡಿತೋರಣದ ಗುಡಿ ಮಾತ್ರ ಬಾವುಟ, ಅದರ ಮಾತು ಇಲ್ಲಿ ಬೇಡ.)

ಮನೆ ಎಂದ ಮೇಲೆ ‘ಯಾರ ಮನೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಡುವುದು ಷಷ್ಠೀ ವಿಭಕ್ತಿ. ಅದರ ಪ್ರತ್ಯಯ ‘ಅ’ ಎಂದು ಕೇಶಿರಾಜ 13ನೆಯ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಹೇಳಿದ್ದಾನೆ. ಮರ ‘ಮರದ’ ಆಗುತ್ತದೆ, ರಾಯ ‘ರಾಯನ’ ಆಗುತ್ತಾನೆ. ನಡುವೆ ಬರುವ ದಕಾರ ವಸ್ತುವಿನ ಗುರುತು, ನಕಾರ ಪುರುಷನ ಗುರುತು. ‘ರಾಯರ’ ಎನ್ನದೆ ‘ರಾಯನ’ ಎಂದದ್ದರಲ್ಲಿ ಜನ ತಮ್ಮ ದೇವರೊಡನೆ ಇಟ್ಟುಕೊಂಡ ಏಕವಚನದ ಸಲಿಗೆಯೂ ಇದೆ. ‘ಬಿ. ಗುಡಿ’ ಎಂದಾಗ ಒಡೆಯನೂ ಹೋದ, ವಿಭಕ್ತಿಯೂ ಹೋಯಿತು, ಸಲಿಗೆಯೂ ಹೋಯಿತು. ಉಳಿದದ್ದು ಯಾರದೂ ಅಲ್ಲದ ಮನೆ.

ಇನ್ನು ಈ ‘ಬಿ’ ಎಲ್ಲಿಯದು? ಊರಿನ ಮೊದಲಕ್ಷರ ‘ಭೀ’. ಇಂಗ್ಲಿಷಿನಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ. ಅಲ್ಲಿನ ‘ಬಿ’ಯಿಂದ ಅವರು ಕೆಲಸ ಸಾಗಿಸಲಿ. ‘ಭ’ಕಾರವನ್ನು ಕೈಯಲ್ಲೇ ಇಟ್ಟುಕೊಂಡ ನಾವು ಆ ಅಕ್ಷರವನ್ನು ಕನ್ನಡದ ಫಲಕಕ್ಕೇಕೆ ಎರವಲು ತರಬೇಕು? ಬೆಂಗಳೂರಿನವರು ‘ಬಿ. ಗುಡಿ’ಯನ್ನು ಬಸವನಗುಡಿ ಎಂದು ಓದಿಕೊಂಡರೆ ತಪ್ಪು ಯಾರದು?

ಫಲಕದಲ್ಲಿ ಜಾಗ ಸಾಲದು, ನಮೂನೆಯ ಅಂಕಣ ಕಿರಿದು ಎಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಬಸವನಗುಡಿಗಿಂತ ಭೀಮರಾಯನಗುಡಿಗೆ ಹೆಚ್ಚು ಬೇಕಾದದ್ದು ಒಂದೇ ಅಕ್ಷರದ ಜಾಗ! ಅದೂ ಇಲ್ಲವೆಂದಾದರೆ ‘ಭೀ. ಗುಡಿ’ ಎಂದಾದರೂ ಬರೆಯಲಿ. ಆದರೆ ಫಲಕ, ದಾಖಲೆ, ಪತ್ರಿಕೆಗಳಲ್ಲಿ ಪೂರ್ಣ ಹೆಸರೇ ನಿಲ್ಲಬೇಕು. ಊರವರು ತಮ್ಮ ಮಕ್ಕಳಿಗೆ ಹೇಳಿಕೊಡುವ ವ್ಯಾಕರಣವನ್ನು ಊರಿನ ಫಲಕವೇ ಅಳಿಸಬಾರದು.