ಒಣಹಣ್ಣಿಗೆ ಬಟ್ಟಲಿನ ಅಳತೆ ಸಾಲದು

‘ಒಂದು ಬಟ್ಟಲು ಒಣದ್ರಾಕ್ಷಿ, ಅರ್ಧ ಬಟ್ಟಲು ಉತ್ತತ್ತಿ’ ಎಂದು ಪಾಕವಿಧಾನಗಳನ್ನು ಬರೆಯುವ ರೂಢಿ ಬೆಳೆದಿದೆ. ಆರೋಗ್ಯದ ದೃಷ್ಟಿಯಿಂದ ಈ ರೂಢಿ ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಟ್ಟಲು ಅಳೆಯುವುದು ಪದಾರ್ಥವು ಹಿಡಿಯುವ ಸ್ಥಳವನ್ನು. ದೇಹಕ್ಕೆ ಲೆಕ್ಕವಾಗುವುದು ಅದರ ತೂಕ.

ಹಾಲು, ನೀರು ಪಾತ್ರೆಯನ್ನು ಸಂದಿಲ್ಲದೆ ತುಂಬುತ್ತವೆ. ಒಣಹಣ್ಣು ಹಾಗಲ್ಲ; ಒಂದಕ್ಕೊಂದರ ನಡುವೆ ಗಾಳಿ ಉಳಿಯುತ್ತದೆ. ಒತ್ತಿದರೆ, ಹೆಚ್ಚಿದರೆ, ಪುಡಿ ಮಾಡಿದರೆ ಅದೇ ಬಟ್ಟಲಿನ ತೂಕ ಬದಲಾಗುತ್ತದೆ. 240 ಮಿ.ಲೀ. ಬಟ್ಟಲಿನಲ್ಲಿ ಸಡಿಲವಾಗಿ ತುಂಬಿದ ಒಣದ್ರಾಕ್ಷಿ ಸುಮಾರು 145 ಗ್ರಾಂ ತೂಗಿದರೆ, ಒತ್ತಿ ತುಂಬಿದ್ದು ಸುಮಾರು 165 ಗ್ರಾಂ ತೂಗುತ್ತದೆ.

ನಮ್ಮ ಪ್ರಾಚೀನ ಆಚಾರ್ಯರು ಈ ಭೇದವನ್ನು ಅರಿತಿದ್ದರು. ದ್ರವಗಳನ್ನು ಅಳೆಯಲು ನಾಲ್ಕು ಅಂಗುಲ ಅಗಲ, ಅಷ್ಟೇ ಎತ್ತರದ ಕುಡವ ಪಾತ್ರೆಯನ್ನು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಒಣದ್ರವ್ಯಗಳಿಗೆ ಕರ್ಷ, ಪಲ ಮೊದಲಾದ ತೂಕಗಳಿವೆ. ಇಂದಿನ ಲೆಕ್ಕದಲ್ಲಿ ಕರ್ಷವೆಂದರೆ 12 ಗ್ರಾಂ, ಪಲವೆಂದರೆ 48 ಗ್ರಾಂ. ಒಣದ್ರವ್ಯದ ಬದಲು ಹಸಿಯದನ್ನು ಬಳಸುವಾಗ ಸಾಮಾನ್ಯವಾಗಿ ಇಮ್ಮಡಿ ತೆಗೆದುಕೊಳ್ಳಬೇಕೆಂಬ ನಿಯಮವೂ ಇದೆ. ನೀರು ಆರಿದಷ್ಟೂ ಸತ್ವ ಸಾಂದ್ರವಾಗುತ್ತದೆ. ವಿಜಯಪುರದ ಬೆಳೆಗಾರರಿಗೆ ಇದು ಅನುಭವದ ಮಾತು: ಸುಮಾರು 4 ಕಿಲೋ ಹಸಿದ್ರಾಕ್ಷಿ ಒಣಗಿದರೆ 1 ಕಿಲೋ ಒಣದ್ರಾಕ್ಷಿ.

ಹೀಗೆ ಸಾಂದ್ರವಾಗುವುದರಲ್ಲಿ ಸಕ್ಕರೆಯೂ ಸೇರಿದೆ. ಒಣದ್ರಾಕ್ಷಿಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಶರ್ಕರಪಿಷ್ಟವೇ ಇರುತ್ತದೆ. 30 ಗ್ರಾಂ ಒಣದ್ರಾಕ್ಷಿಯಲ್ಲಿರುವ ಶರ್ಕರಪಿಷ್ಟವು 30 ಗ್ರಾಂ ಗೋಧಿಹಿಟ್ಟಿನ ಚಪಾತಿಯದಕ್ಕಿಂತ ಕಡಿಮೆಯೇನಲ್ಲ. ಮಧುಮೇಹಿಗಳು ಚಪಾತಿಯನ್ನು ಎಣಿಸಿ ತಿಂದು, ದ್ರಾಕ್ಷಿಯನ್ನು ಮುಷ್ಟಿಯಿಂದ ಅಳೆದರೆ ಪಥ್ಯ ಉಳಿಯುವುದೆಂತು? ಆದುದರಿಂದ ‘ಒಂದು ಮುಷ್ಟಿ’ ಎನ್ನದೆ ಗ್ರಾಂ ಲೆಕ್ಕದಲ್ಲಿ ಹೇಳುವುದು ವೈದ್ಯರ ಕರ್ತವ್ಯವೂ ಹೌದು.

‘ನಮ್ಮ ಅಜ್ಜಿಯರು ತಕ್ಕಡಿ ಹಿಡಿದು ಅಡುಗೆ ಮಾಡುತ್ತಿದ್ದರೇ?’ ಎಂದು ಕೆಲವರು ಕೇಳಬಹುದು. ಅವರ ಪಾವು, ಚಟಾಕು ಮನೆಯಲ್ಲಿ ತಲೆಮಾರುಗಳಿಂದ ಇದ್ದ ಒಂದೇ ಪಾತ್ರೆ. ತುಂಬುವ ಕೈಯೂ ಒಂದೇ. ಅದರಿಂದ ಹದ ತಪ್ಪುತ್ತಿರಲಿಲ್ಲ. ಇಂದು ನಾವು ಇನ್ನಾರದೋ ಅಡುಗೆಮನೆಯ ಬಟ್ಟಲನ್ನು ನಂಬಿ ಅಡುಗೆ ಮಾಡುತ್ತಿದ್ದೇವೆ.

ಪರಿಹಾರ ಕಷ್ಟವಲ್ಲ. ಸಡಿಲವಾಗಿ ತುಂಬಿದ ಒಣದ್ರಾಕ್ಷಿಯಾಗಲಿ, ಬೀಜ ತೆಗೆದು ಹೆಚ್ಚಿದ ಖರ್ಜೂರವಾಗಲಿ 1 ಮಿ.ಲೀ. ಸ್ಥಳದಲ್ಲಿ ಸುಮಾರು 0.6 ಗ್ರಾಂ ಇರುತ್ತದೆ. ಬೇಕಾದ ಗ್ರಾಂ ಅನ್ನು 0.6ರಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ: 30 ಗ್ರಾಮಿಗೆ 50 ಮಿ.ಲೀ. ಇದು ಅಂದಾಜು ಮಾತ್ರ. ಸಣ್ಣ ತಕ್ಕಡಿಯೊಂದಿದ್ದರೆ ನಿಮ್ಮದೇ ಬಟ್ಟಲನ್ನು ಒಮ್ಮೆ ಬರಿದಾಗಿ, ಒಮ್ಮೆ ತುಂಬಿಸಿ ತೂಗಿ, ವ್ಯತ್ಯಾಸವನ್ನು ಬರೆದಿಡಿರಿ. ಉತ್ತತ್ತಿಯನ್ನು ಬೀಜ ತೆಗೆದು, ಕುಟ್ಟುವ ಮೊದಲು ತೂಗಿರಿ. ದ್ರಾಕ್ಷಿಯನ್ನು ನೆನೆಯಿಡುವ ಮೊದಲೇ ತೂಗಿರಿ. ನೆನೆದ ಮೇಲೆ ನೀರಿನ ತೂಕವೂ ಸೇರಿಬಿಡುತ್ತದೆ. ಅಂಜೂರವನ್ನು ಎಣಿಸಿದರೆ ಸಾಲದು. ಗಾತ್ರ ಒಂದೊಂದು ಬಗೆ.

ಬಾಣಂತಿಗೆ ಅಂಟಿನುಂಡೆ ಕಟ್ಟುವ ತಾಯಂದಿರೂ ಮಧುಮೇಹಿಗಳಿರುವ ಮನೆಯಲ್ಲಿ ಪಾಯಸ ಮಾಡುವವರೂ ಈ ಅಭ್ಯಾಸವನ್ನು ಇಂದೇ ಆರಂಭಿಸಲಿ. ಪಾಕವಿಧಾನ ಬರೆಯುವವರು ಬಟ್ಟಲಿನ ಪಕ್ಕದಲ್ಲಿ ಗ್ರಾಂ ಅನ್ನೂ ತಪ್ಪದೆ ನಮೂದಿಸಲಿ.